ಕಡಿಮೆ ಬಂದ ಅರವತ್ತು ಕಿಲೋ

ಬೈಕಂಪಾಡಿ, ಸಂಜೆ ನಾಲ್ಕೂಕಾಲು.
ಕೌಂಟರಿನ ಜಾಲರಿಗೆ ಮೂಗು ತಾಗುವಷ್ಟು ಬಗ್ಗಿ
ಯಜ್ಞೇಶ ಕೇಳುತ್ತಾನೆ,
ಹೆವಿ ಲೈಸೆನ್ಸಿನ ಪ್ಲಾಸ್ಟಿಕ್ಕು ಇನ್ನೂ ಸುಲಿಯದ ಹುಡುಗ:
"ಅಕ್ಕ, ಯಾವುದರಲ್ಲಿ ಹೆಚ್ಚು ಗಿಟ್ಟುತ್ತದೆ?
ತಿಂಗಳಿಗಾ, ಕಿಲೋಮೀಟರಿಗಾ, ಟ್ರಿಪ್ಪಿಗಾ, ಪರ್ಸೆಂಟಿಗಾ?"

ಹನ್ನೊಂದು ವರ್ಷದಿಂದ ಈ ನಾಲ್ಕೂ ಪುಸ್ತಕ ಬರೆಯುವವಳು ನಾನು.
ಕ್ಲಚ್ಚು ಯಾವ ಕಾಲಿಗೆಂದು ಈಗಲೂ ಗೊತ್ತಿಲ್ಲ.
ಹೇಳುತ್ತೇನೆ, ಕೇಳು.

ಸಿಲ್ವೆಸ್ಟರ್ ಪೊರ್ಬುಗಳದ್ದು ತಿಂಗಳ ಸಂಬಳ,
ಹದಿನೆಂಟು ಸಾವಿರ, ಮೇಲೆ ದಿನಕ್ಕೆ ಮುನ್ನೂರು ಬಾಟಾ.
ಗಾಡಿ ಗ್ಯಾರೇಜಿನಲ್ಲಿ ನಿಂತರೆ ಸಂಬಳ ನಿಲ್ಲುವುದಿಲ್ಲ,
ಬಾಟಾ ನಿಲ್ಲುತ್ತದೆ.
ಊಟ ಮನೆಯಲ್ಲೇ ಅಲ್ವಾ ಎನ್ನುತ್ತಾರೆ ಧಣಿ,
ಮನೆಯಲ್ಲಿ ಅಕ್ಕಿ ನಲ್ಲಿಯಿಂದ ಸುರಿಯುವ ಹಾಗೆ.

ಲೋಕಯ್ಯಣ್ಣನಿಗೆ ಕಿಲೋಮೀಟರಿಗೆ ನಾಲ್ಕು ರೂಪಾಯಿ.
ಗಾಲಿ ತಿರುಗಿದರೆ ಕಾಸು.
ಪಣಂಬೂರು ಗೇಟಿನ ಸಾಲಿನಲ್ಲಿ ಕಳೆದ ಎರಡು ರಾತ್ರಿಗೆ
ಮೀಟರು ಸಾಕ್ಷಿ ಹೇಳುವುದಿಲ್ಲ.
ಶಿರಾಡಿಯಲ್ಲಿ ಗುಡ್ಡ ಜರಿದ ವಾರ
ಸಂಪಾಜೆಯಿಂದ ಸುತ್ತಿ ಹೋದ ಪುಣ್ಯಾತ್ಮ.
ನಮ್ಮ ಗೋಡೆಯ ನಕ್ಷೆಯಲ್ಲಿ ಗುಡ್ಡ ಜರಿದಿರಲಿಲ್ಲ.
ಶಿರಾಡಿಯ ಲೆಕ್ಕವೇ ಕೊಟ್ಟೆವು.
"ಕೊಟ್ಟೆವು" ಅಂದೆ, ನೋಡು.
ಬರೆದದ್ದು ನಾನೇ.

ಟ್ರಿಪ್ಪಿನದು ಮಲ್ಪೆಯ ಮೀನಿನ ಗಾಡಿಗಳಿಗೆ.
ಕೊಚ್ಚಿಗೆ ಇಷ್ಟು,
ಬೆಳಗಾಗುವುದರೊಳಗೆ ಮುಟ್ಟಿದರೆ ಮೇಲಿಷ್ಟು.
ಐಸು ಕರಗುವ ಸದ್ದು ಬೆನ್ನಿಗೆ ಕೇಳಿಸುತ್ತದಂತೆ.
ದಾಮೋದರ ಮೊಗೇರ ನಿದ್ದೆ ಓಡಿಸಲು
ರೆಪ್ಪೆಯ ಕೆಳಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದ.
ಈಗ ಬೇಕಾಗುವುದಿಲ್ಲ,
ಹೆಜಮಾಡಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ.
ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ,
ಊರುಗೋಲು ಬಾಗಿಲಲ್ಲೇ ಒರಗಿರುತ್ತದೆ.

ಇನ್ನು ಪರ್ಸೆಂಟು.
ಹಸೈನಾರ್ ಬ್ಯಾರಿಗೆ ಬಾಡಿಗೆಯಲ್ಲಿ ನೂರಕ್ಕೆ ಹದಿನೈದು.
ಪಾಲುಗಾರನ ಹಾಗೆ ಕೇಳುತ್ತದೆ, ಹೌದಾ?
ಕ್ಲೀನರಿನ ಚಹಾ, ಹಗ್ಗ, ಹರಿದ ಟಾರ್ಪಾಲು, ಚೆಕ್‌ಪೋಸ್ಟಿನ ಮಾಮೂಲು,
ಅವೂ ಅವನ ಪಾಲಿಗೇ.
ಹೋದ ವಾರ ಬಳ್ಳಾರಿಗೆ ಕಲ್ಲಿದ್ದಲು.
ಇಳಿಸುವಲ್ಲಿ ಅರವತ್ತು ಕಿಲೋ ಕಡಿಮೆ ಬಂತು.
ಕಿಲೋಗೆ ಒಂಬತ್ತರ ಹಾಗೆ ಐನೂರ ನಲವತ್ತು ಮುರಿದುಕೊಂಡೆ.
ಅವನು ವೇಬ್ರಿಡ್ಜಿನ ಚೀಟಿಗಳನ್ನು
ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿದ.

"ಇಲ್ಲಿ ಖಾಲಿ ತೂಗುವಾಗ ಇಳಿದಿದ್ದೆ ಅಕ್ಕ.
ತುಂಬಿ ತೂಗುವಾಗ ಮಳೆ, ಒಳಗೇ ಕೂತಿದ್ದೆ.
ಅಲ್ಲಿ ಎರಡು ಸಲವೂ ಇಳಿಸಿದರು.
ಆ ಅರವತ್ತು ಕಿಲೋ ಕಲ್ಲಿದ್ದಲು
ನಾನೇ."

ನಗು ಬಂದದ್ದು ಮೊದಲು ನನಗೆ.
ಆಮೇಲೆ ಅವನೂ ನಕ್ಕ, ಒಂಚೂರು.
ಬರೆದ ಸಾಲು ಹೊಡೆದುಹಾಕಲು ಧಣಿಯ ಸಹಿ ಬೇಕು,
ಧಣಿ ಮಗಳ ಮದುವೆಗೆ ಮುಂಬಯಿಗೆ ಹೋಗಿದ್ದರು.
ಐನೂರ ನಲವತ್ತು ಹಾಗೇ ಉಳಿದಿದೆ, ಕೆಂಪು ಶಾಯಿಯಲ್ಲಿ,
ಒಬ್ಬ ಆಳಿನ ಪೂರ್ತಿ ತೂಕದ ಬೆಲೆ,
ಎಲುಬು ಚರ್ಮ ಕಿಸೆಯ ಬೀಡಿಕಟ್ಟು ಸೇರಿ.

ಯಾವುದು ಒಳ್ಳೆಯದೆಂದು ಹೇಳಲಿ ಯಜ್ಞೇಶ?
ನಾಲ್ಕರಲ್ಲೂ ಕಾಯುವುದಕ್ಕೆ ಕಾಲಂ ಇಲ್ಲ.
ಒಂದು ಮಾತ್ರ ನೆನಪಿಟ್ಟುಕೋ:
ಕಾಟಾ ಹತ್ತಿದಾಗ ಇಳಿದರೆ ಎರಡು ಸಲವೂ ಇಳಿ,
ಕೂತರೆ ಎರಡು ಸಲವೂ ಕೂತಿರು,
ಮಳೆ ಬರಲಿ, ಬೆಂಕಿ ಬೀಳಲಿ.

ಫಾರ್ಮು ಇಕೋ. ಯಾವುದಕ್ಕಾದರೂ ಗುರುತು ಹಾಕು.
ಪೆನ್ನಿಗೆ ದಾರ ಕಟ್ಟಿದೆ ಮಾರಾಯ,
ಎಳೆಯಬೇಡ.