ಒಂದೇ ಅಗೆತ

ಜಯನಗರ ನಾಲ್ಕನೇ ಬ್ಲಾಕು, ಔಷಧದಂಗಡಿಯ ಮೇಲೆ ಎರಡನೇ ಮಹಡಿ.
ಲಿಫ್ಟಿಗೆ ಇವತ್ತೂ ಹುಷಾರಿಲ್ಲ.
ಮೆಟ್ಟಿಲು ಹತ್ತಿ ಬಂದ ದಾಕ್ಷಾಯಿಣಿ ಮೇಡಂ
ಏದುಸಿರಲ್ಲೇ ಕೇಳಿದರು:
"ಮೂರೂ ಮಿಷನ್ನು ಒಂದೇ ದಿನಾನಾ? ಮುಖ ಉಳಿಯುತ್ತೇನ್ರೀ?"

ಡಾಕ್ಟರು ಕಿಟಕಿಯಾಚೆ ಬೆರಳು ತೋರಿದರು.
ಕೆಳಗೆ ರಸ್ತೆ ಅಗೆದು ಬಿಟ್ಟಿತ್ತು, ಮತ್ತೆ.
"ಮೊದಲು ನೀರಿನವರು ಬಂದರು, ಮುಚ್ಚಿದರು.
ಆಮೇಲೆ ಕರೆಂಟಿನವರು, ಮುಚ್ಚಿದರು.
ಡಾಂಬರು ಬಿದ್ದ ಮರುವಾರ ಇನ್ಯಾರದೋ ಕೇಬಲ್ಲು.
ನಿಮ್ಮ ಕೆನ್ನೆಗೆ ನಾನು ಹಾಗೆ ಮಾಡೋಲ್ಲ.
ಮೂರು ಇಲಾಖೆ, ಮೂರು ಆಳ, ಒಂದೇ ಅಗೆತ.
ಅದೂ ಗುದ್ದಲಿ ಇಲ್ಲದೆ."

ಅವರು ನಕ್ಕರು. ನಕ್ಕಾಗ ಎಲ್ಲೆಲ್ಲಿ ಮಡಿಕೆ ಬೀಳುತ್ತದೆಂದು
ನೋಡಿಕೊಂಡೆ. ಅದೇ ನನ್ನ ಕೆಲಸ.
ಬಿಳಿ ಪೆನ್ಸಿಲ್ಲಿನಲ್ಲಿ ದವಡೆಯಗುಂಟ ಗೆರೆ ಎಳೆದೆ,
ಸೈಟಿಗೆ ಸರ್ವೆಯವರು ಸುಣ್ಣ ಚೆಲ್ಲುವ ಹಾಗೆ.

ಮೂವತ್ತೊಂದು ವರ್ಷ ಟ್ರಾಫಿಕ್ಕು.
ಟೌನ್ ಹಾಲು, ಮೈಸೂರು ಬ್ಯಾಂಕು, ಕೊನೆಗೆ ಸಿಲ್ಕ್ ಬೋರ್ಡು.
ಟೋಪಿಯ ಅಂಚಿಗೆ ಮುಖ ಎರಡು ಬಣ್ಣ:
ಹಣೆ ಅವರ ತಾಯಿ ಕೊಟ್ಟದ್ದು,
ಅದರ ಕೆಳಗಿನದೆಲ್ಲ ಇಲಾಖೆ ಕೊಟ್ಟದ್ದು.
ತುಟಿಯ ಸುತ್ತ ಸಣ್ಣ ಸಣ್ಣ ಗೆರೆ,
ದಾರ ಎಳೆದ ಸಂಚಿಯ ಬಾಯಿ.
ಸಿಗರೇಟು ಸೇದುವವರಿಗೆ ಬರುವಂಥದು.
ಕೇಳಲೋ ಬೇಡವೋ ಅನ್ನುವಷ್ಟರಲ್ಲಿ
"ಸೀಟಿ ಕಣಮ್ಮ" ಅಂದರು ಅವರೇ.

ಮೊದಲು ಶಬ್ದ.
ಹಾರ್ನಿನಲ್ಲೇ ಆಯುಷ್ಯ ಕಳೆದವರಿಗೆ
ಕಿವಿಗೆ ಕೇಳದ ಶಬ್ದ.
ಚರ್ಮ ದಾಟಿ, ಕೊಬ್ಬು ದಾಟಿ,
ಒಂದು ಕಡಲೆಬೇಳೆಯ ಆಳಕ್ಕೆ ಹೋಗಿ ಚುಕ್ಕಿ ಚುಕ್ಕಿ ಬಿಸಿ.
ಮೂಳೆ ಹತ್ತಿರವಾದಲ್ಲಿ
ಹಲ್ಲಿನ ಬೇರಿಗೆ ಐಸು ತಾಗಿದ ಹಾಗಿರಬೇಕು.
ಅವರ ಬಲಗೈ ಎದ್ದಿತು, ಅಂಗೈ ನನ್ನ ಕಡೆಗೆ.
ಪೆಡಲಿನ ಮೇಲಿದ್ದ ನನ್ನ ಕಾಲು
ನನ್ನನ್ನು ಕೇಳದೆ ಎತ್ತಿಕೊಂಡಿತು.

ಆಮೇಲೆ ರೇಡಿಯೋ ಅಲೆ. ಇದಕ್ಕೆ ಹಾಡೂ ಇಲ್ಲ, ವಾರ್ತೆಯೂ ಇಲ್ಲ,
ನಲವತ್ತೆರಡು ಡಿಗ್ರಿ ಅಷ್ಟೆ.
ಜೆಲ್ಲಿನ ಮೇಲೆ ಜಾರುತ್ತಲೇ ಇರಬೇಕು,
ಒಂದೇ ಕಡೆ ನಿಂತರೆ ಸುಟ್ಟಿತು.
ನಮ್ಮಪ್ಪ ರಾಗಿಗುಡ್ಡದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿದ್ದ.
ಕೆಂಡ ಊದಿ, ನೀರು ಚಿಮುಕಿಸಿ ಹೇಳುವನು:
ಹತ್ತಿಗೆ ಒಂದು ಬಿಸಿ, ರೇಷ್ಮೆಗೆ ಒಂದು,
ಖಾಕಿಯನ್ನು ಮಾತ್ರ ಒಳಮೈಯಿಂದ ತಿಕ್ಕು, ಹೊಳಪು ಬರಬಾರದು.
ನನ್ನ ಸರ್ಟಿಫಿಕೇಟು ಗೋಡೆಯ ಮೇಲಿದೆ.
ಕೈ ಮಾತ್ರ ಆ ಗಾಡಿಯದು.

ಕೊನೆಗೆ ಬೆಳಕು.
ಕಣ್ಣಿಗೆ ಕಪ್ಪು ಮುಚ್ಚಳ ಇಡುವಾಗ ಕೇಳಿದರು:
"ಬಿಸಿಲು ಮಾಡಿದ್ದನ್ನ ಬೆಳಕಲ್ಲೇ ತೆಗೀತೀರಾ?"
ಉತ್ತರ ಗೊತ್ತಿರಲಿಲ್ಲ. ಎಲಾಸ್ಟಿಕ್ ಸಡಿಲ ಮಾಡಿಕೊಟ್ಟೆ.
ಚಟ್, ಚಟ್.
ಸುಟ್ಟ ಕೂದಲಿನ ಸಣ್ಣ ವಾಸನೆ.

ಫಾರ್ಮಿನಲ್ಲಿ ಒಂದು ಸಾಲಿದೆ, ಚಿಕಿತ್ಸೆ ಯಾತಕ್ಕಾಗಿ ಅಂತ.
ಜನ ಮದುವೆ ಅಂತ ಬರೀತಾರೆ, ಕ್ಯಾಮೆರಾ ಅಂತ ಬರೀತಾರೆ,
ಒಬ್ಬರು ಗಂಡ ಅಂತ ಬರೆದು ಹೊಡೆದುಹಾಕಿದ್ದರು.
ಇವರದು ಒಂದೇ ಪದ: ನನಗೆ.

ಹೇಳಬೇಕಾದದ್ದನ್ನು ಹೇಳಿದೆ:
ಏಳು ದಿನ ಬಿಸಿಲು ಬೇಡ. ಉಜ್ಜಬೇಡಿ.
ಕನ್ನಡಿಯನ್ನು ಈಗಲೇ ವಿಚಾರಿಸಬೇಡಿ, ಮೂರು ತಿಂಗಳಾಗುತ್ತೆ.
ನಾವು ಎಬ್ಬಿಸಿದ್ದಷ್ಟೇ, ಒಳಗೆ ಕೂತು ನೂಲೋದು ನಿಮ್ಮ ಮೈಯೇ.
ಅದಕ್ಕೆ ಅದರದೇ ಶಿಫ್ಟು.
"ಅಷ್ಟರೊಳಗೆ ಈ ರಸ್ತೆ ಮುಚ್ತಾರೋ ನೋಡಣ" ಅಂದು ಇಳಿದರು.

ಕಿಟಕಿಯಿಂದ ನೋಡಿದೆ.
ಕೆಂಪು ದೀಪದಂಥ ಮುಖ, ಮೇಲೆ ಹೂವಿನ ಛತ್ರಿ.
ಗುಂಡಿಯ ಪಕ್ಕ ನಿಂತು ಕೈ ಎತ್ತಿದರು.
ಆಟೋ ನಿಂತಿತು. ಬಸ್ಸು ನಿಂತಿತು.
ಎರಡು ಬೈಕು ನಿಲ್ಲಲಿಲ್ಲ.
ಸೀಟಿ ಇಲ್ಲದ ತುಟಿಯನ್ನು
ಅವರು ಬಿಗಿದು ಕೂಡಿಸಿದ್ದು
ಎರಡನೇ ಮಹಡಿಗೂ ಕಂಡಿತು.