ಹದಿನೇಳು ನಂಬರಿನ ಫಾರ್ಮು

ಸಾಳಿ ಬಿಟ್ಟವ್ರಿಗೆ ಹದಿನೇಳು ನಂಬರಿನ ಫಾರ್ಮು ಇರತದಂತ
ಅದನ್ನ ತಂದಾಕಿ ಮಗಳು ದಾನವ್ವ.
ವೇಳಾಪತ್ರಿಕೀನೂ ಅಕೀನ ಬರದಳು,
ಹಸಿರು ಸ್ಕೆಚ್‌ಪೆನ್ನೀಲೆ, ಗೆರಿ ಹೊಡದು:
ನಸಿಕಿನ್ಯಾಗ ಐದಕ್ಕ ಇತಿಹಾಸ,
ಮಧ್ಯಾಹ್ನ ಮೂರಕ್ಕ ವಿಜ್ಞಾನ,
ರಾತ್ರಿ ಒಂಬತ್ತಕ್ಕ ಬೀಜಗಣಿತ.
ಅನ್ನದ ಅಗಳು ಹಚ್ಚಿ ಗೋಡಿಗೆ ಅಂಟಿಸಿದ್ವಿ.
ಮೂರನೇ ದಿವಸಕ್ಕ ನಳಕ್ಕ ನೀರು ಬಂತು.

ಸೊಲ್ಲಾಪುರದಾಗ ನೀರು ಬರೂದು ನಾಕೈದು ದಿನಕ್ಕೊಮ್ಮೆ,
ಅದೂ ಯಾವ ಹೊತ್ತಿನ್ಯಾಗೋ, ಬಿಡಾವಗೂ ಗೊತ್ತಿಲ್ಲ.
ರಾತ್ರಿ ಎರಡಕ್ಕ ನಳ ಕೆಮ್ಮಿತು.
ಕೊಡ, ಬಕೀಟು, ಬ್ಯಾರಲ್ಲು, ಕಡೀಕೆ ಚಹಾದ ಪಾತೇಲಿ
ತುಂಬಿಸಿ ನಡಾ ನೆಟ್ಟಗ ಮಾಡೂದ್ರಾಗ
ಇತಿಹಾಸ ಬಂದು, ಬಾಗಲದಾಗ ನಿಂತು,
ತಿರುಗಿ ಹೋಗಿತ್ತು.

ವಿಡಿ ಘರಕುಲದಾಗ ಗಡಿಯಾರ ನೋಡಿ ಬದುಕಾವ್ರು ಕಡಿಮಿ.
ನಮ್ಮದು ಕಟ್ಟಿನ ಲೆಕ್ಕ.
ಇಪ್ಪತ್ತೈದು ಬೀಡಿಗೆ ಒಂದು ಕಟ್ಟು,
ನಲವತ್ತು ಕಟ್ಟಾದ್ರ ಒಂದು ಸಾವಿರ,
ಸಾವಿರ ಆದ್ರ ಒಂದು ದಿವಸ.
ಅನ್ನ ಕುದಿಯೂದು ಎರಡು ಕಟ್ಟು.
ಕಾರ್ಖಾನಿಗೆ ಹೋಗಿ ಬರೂದು ಐದು,
ಮುನಶಿ ದೇವಿದಾಸ ಛಾಟ ತಗದು ಬೈದ್ರ ಏಳು.
ದಾನವ್ವ ಹುಟ್ಟಿದ ದಿವಸ ಬರೇ ಹದಿನೆಂಟು ಕಟ್ಟು,
ಹತ್ತೊಂಬತ್ತನೇದು ಅರ್ಧಕ್ಕ ನಿಂತಿತ್ತು.

ಅದಕ್ಕ ನಾನು ಹಸಿರು ಗೆರಿ ಮ್ಯಾಲೆ
ತಂಬಾಕ ಹತ್ತಿದ ಕೈಲೆ ಬ್ಯಾರೇದು ಬರದೆ:
ಎಂಟು ಕಟ್ಟಿಗೆ ಒಂದು ಪಾಠ.
ದಾರ ಸುತ್ತುವಾಗ ಒಂದು ಇಸವಿ,
ಮೂತಿ ಮುಚ್ಚುವಾಗ ಒಂದು ನದಿ.
ಪುಸ್ತಕ ಮುಂದ, ಹಾಳಿ ಹಾರಬಾರದಂತ ಅದರ ಮ್ಯಾಲೆ ಕತ್ರಿ.
ಬಾಯಿ "ಭೀಮಾ, ಸೀನಾ, ನೀರಾ" ಅಂದ್ರ
ಬೆರಳು ತಮ್ಮ ಪಾಡಿಗೆ ತಾವು
ಎಲಿ ಸುತ್ತಕೋತ ಹೋಗತಿದ್ವು.

ಹುರುಪು ಅಂತ ಒಂದು ಇರತದಲ್ಲ, ಅದು ನೆಂಟರಂಗ.
ಫಾರ್ಮು ತುಂಬಿದ ವಾರ ಮನಿತುಂಬ ಇತ್ತು,
ದೀಪಾವಳಿ ಆದಮ್ಯಾಲೆ ಮಾರಿ ತೋರಸಲಿಲ್ಲ.
ಅದರ ದಾರಿ ಕಾಯೂದು ಬಿಟ್ಟೆ.
ರಾತ್ರಿ ಎಲಿ ನೆನೀಲಿಕ್ಕೆ ಹಾಕತೀವಿ, ನೋಡ್ರಿ,
ಮುಂಜಾನಿ ಮನಸ ಇರಲಿ ಬಿಡಲಿ
ನೆನದ ಎಲಿ ಕತ್ತರಿಸಬೇಕು, ಇಲ್ಲಂದ್ರ ಕೊಳೀತಾವ.
ಹಂಗ ಮಲಗೂಕಿಂತ ಮೊದಲ
ನಾಳಿನ ಹಾಳಿ ಬಿಚ್ಚಿ
ಎಲಿಬುಟ್ಟಿ ಬಾಜೂಕ ಇಡತಿದ್ದೆ.
ಅಷ್ಟ.

"ನಲವತ್ತೊಂದಕ್ಕ ಹತ್ತನೇತ್ತ ಪಾಸಾಗಿ
ಕಲೆಕ್ಟರ ಆಗತೀಯೇನ?" ಅಂತ
ಆಚಿಮನಿ ನರಸವ್ವ ಯಲದಂಡಿ ತೆಲುಗಿನ್ಯಾಗ ನಕ್ಕಳು.
ಉತ್ತರ ಇರಲಿಲ್ಲ ನನ್ನ ಹಂತೇಕ.
ಇದ್ರೂ, ಬಾಯಾಗ ದಾರ ಇತ್ತು.

ಕನ್ನಡದ ಪೇಪರಿನ ದಿವಸ
ಬೆಂಚಿನ ಮ್ಯಾಲೆ ಮೊಣಕಾಲು ಹಿಡೀಲಿಲ್ಲ, ಓರಿ ಆಗಿ ಕುಂತೆ.
ಬಾಜೂಕ ಮೀಸಿ ಚಿಗುರದ ಹುಡುಗ
"ಮಾವಶಿ, ಸುಪರ್‌ವಾಯಜರ ಅದೀರೇನ?" ಅಂದ.
ಗಂಟಿ ಆತು. ಬಾಗಲಾ ಹಾಕಿದ್ರು.
ಮೂರು ತಾಸು.
ಯಾರೂ ನೀರು ಕೇಳಲಿಲ್ಲ, ಯಾರೂ ಛಾಟ ತಗೀಲಿಲ್ಲ,
ಕುಕ್ಕರ ಸೀಟಿ ಹೊಡೀಲಿಲ್ಲ.
ಇಷ್ಟು ಹೊತ್ತು, ಬರೇ ನನ್ನ ಹೆಸರಿಗೆ,
ಹುಟ್ಟಿದಾಗಿಂದ ಯಾರೂ ಕೊಟ್ಟಿದ್ದಿಲ್ಲ.
ಮೊದಲಿನ ಹತ್ತು ನಿಮಿಷ ಏನೂ ಬರೀಲಿಲ್ಲ.
ಅಂಗಡ್ಯಾಗ ತುಟ್ಟಿ ಸೀರಿ ಮುಟ್ಟಿ ನೋಡಿದಂಗ
ಆ ಹೊತ್ತು ಮುಟ್ಟಿ ನೋಡಕೋತ
ಸುಮ್ಮ ಕುಂತಿದ್ದೆ.

ಗಣಿತದಾಗ ಉಳದೆ.
ದಾನವ್ವ ಅತ್ತಳು. ನರಸವ್ವ ಈ ಸಲ ನಗಲಿಲ್ಲ,
ಚಹಾ ತಂದು ಇಟ್ಟು ಹೋದಳು.
ಬೀಜಗಣಿತ ಬಾರದಿದ್ರೇನಾತು, ಕೂಡಿಸೂದು ಬರತದ:
ಜುಲೈದಾಗ ಬೀಜಗಣಿತ ಎರಡು ತಾಸು,
ಮರುದಿವಸ ಭೂಮಿತಿ ಎರಡು ತಾಸು.
ನಾಕು ತಾಸು, ಬಾಗಲಾ ಹಾಕಿದ್ದು.

ಎಲಿ ನೆನೀಲಿಕ್ಕೆ ಹಾಕಿದೆ.
ಹಾಳಿ ಬಿಚ್ಚೂದ್ರಾಗ
ನಳ ಕೆಮ್ಮಿತು.