ಎಷ್ಟು ಜಾಗ ಬೇಕು

ಗೋಣಿಕೊಪ್ಪದಲ್ಲಿ ಟೈರ್ ಅಂಗಡಿಯ ಮೇಲೆ ನನ್ನ ಕೋಣೆ.
ಕೆಳಗೆ ಉಮ್ಮರ್ ಕಾಕ ಟ್ಯೂಬು ನೀರಿಗೆ ಅದ್ದಿ
ಗುಳ್ಳೆ ಏಳುವುದೆಲ್ಲಿ ಎಂದು ನೋಡುವ ಹೊತ್ತಿಗೆ
ಮೇಲೆ ನಾನೂ ಅದನ್ನೇ ನೋಡುತ್ತಿರುತ್ತೇನೆ:
ಎಲ್ಲಿ ಸೋರುತ್ತಿದೆ ಮೆಮೊರಿ.

ಮಾಲ್ದಾರೆಯ ಕಾಡಂಚಿನಲ್ಲಿ ಒಂದು ಡಬ್ಬಿ,
ಟಿಫಿನ್ ಕ್ಯಾರಿಯರಿನಷ್ಟು. ಕಟ್ಟಿದ್ದು ಹಲಸಿನ ಮರಕ್ಕೆ.
(ಆನೆಗಾಗಿ ಕಾಯುವುದನ್ನು ಹಲಸಿಗೇ ಕಟ್ಟಿದವರ ಬುದ್ಧಿಗೆ
ಏನೆನ್ನಲಿ.)
ನಮ್ಮ ಕಿವಿಗೆ ಬೀಳದ ಗುಡುಗನ್ನು
ಅದು ನೆಲದಿಂದ ಹೀರಿ, ಗುರುತು ಹಿಡಿದು, ಸೈರನ್ ಕೂಗಬೇಕು.
ಒಳಗೊಂದು ಪುಟ್ಟ ಕರ್ನಲ್,
ನೂರಿಪ್ಪತ್ತೆಂಟು ಕಿಲೋಬೈಟು ಜಾಗ,
ಮಡಚಿ ಮಡಚಿ ಇಟ್ಟ ಇನ್ನೂರು ಆನೆಗಳ ಸದ್ದು.

ಬಿಚ್ಚುವುದು ನನ್ನ ಕೆಲಸ.

"ಕುದಿಸಿ ಕಪ್ಪಾದ ಕಾಚಂಪುಳಿಯನ್ನು
ಮತ್ತೆ ಹಣ್ಣು ಮಾಡ್ತೀಯಾ?" ಎಂದರು ಕಾಕ.
ಅದಲ್ಲ, ಇದರಲ್ಲಿ ಒಂದು ತೊಟ್ಟೂ ಕಳೆದಿರಬಾರದು ಎಂದೆ.
"ಹಾಗಾದರೆ ಸ್ಟೆಪ್ನಿ ಟ್ಯೂಬು," ಎಂದರು,
"ಗಾಳಿ ಹಾಕಿದರೆ ಅದೇ."

ಮೊದಲು ಬರೆದದ್ದು ಕೆಲವು ನೆಂಟರ ಹಾಗಿತ್ತು:
ಅರ್ಧ ಊಟದಲ್ಲಿ ಕೈಯೆತ್ತಿ
ಹೊರಗೆ ನಿಂತವರಿಗೆ ಇನ್ನೆರಡು ಎಲೆ ಕೇಳುವಂಥದು.
ಫೆಬ್ರವರಿಯ ಒಂದು ರಾತ್ರಿ ಒಳಗೆ ಎಲೆಯಿರಲಿಲ್ಲ.
ಡಬ್ಬಿ ಸದ್ದಿಲ್ಲದೆ ಸತ್ತಿತು.
ಬೆಳಿಗ್ಗೆ ಮುತ್ತಿ ಲೈನ್‌ಮನೆಯ ಹಿಂದೆ ಕರೆದೊಯ್ದು
ಸಿಗಿದು ಹಾಕಿದ ಬಾಳೆಬುಡ ತೋರಿಸಿದಳು. ಬೈಯಲಿಲ್ಲ.
"ನಿಮ್ಮ ಪೆಟ್ಟಿಗೆಗೆ ನಿದ್ದೆ ಬಂದಿತ್ತಾ?"

ಆಮೇಲೆ ಅವಳು ಕಣಕ್ಕೆ ಹೋದಳು, ನಾನೂ ಹಿಂದೆ.
ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಮೂಟೆ ಕಾಫಿ ಹಣ್ಣು.
ಸುರಿಯಿರಿ ಎಂದರು ರೈಟರ್ ಬೆಳ್ಯಪ್ಪ.
ಮುತ್ತಿ ಮೂಟೆಯ ಹೊಲಿಗೆಗೆ ಕೈ ಹಾಕಲಿಲ್ಲ.
ಮೊದಲು ಕಾಲಿನಲ್ಲಿ ಕಣ ಅಳೆದಳು,
ಅಡಿಯ ಮುಂದೆ ಅಡಿ ಇಟ್ಟು.
"ಏಳು," ಎಂದಳು. "ಎಂಟನೆಯದು ಇವು ಒಣಗಿ ಸರಿದ ಮೇಲೆ."
ರೈಟರ್ ಗೊಣಗುತ್ತ ಪುಸ್ತಕದಲ್ಲಿ ಏಳು ಬರೆದರು.

ಅದೇ ರಾತ್ರಿ ಎಲ್ಲ ಅಳಿಸಿದೆ.

ಬಿಚ್ಚುವ ಮುನ್ನ ಹೇಳು, ಎಷ್ಟು ಜಾಗ ಬೇಕು.
ಜಾಗ ನಿನ್ನದಲ್ಲ, ಕರೆದವನು ಹಾಸಿ ಕೊಟ್ಟದ್ದು;
ನಡುವೆ ಎದ್ದು ಇನ್ನೊಂದು ಚಾಪೆ ಕೇಳುವಂತಿಲ್ಲ.
ಕಣ ತುಂಬಿತೇ, ತುಂಬಿತು ಎನ್ನು. ಅದು ಸೋಲಲ್ಲ.
ಮೂಟೆ ಬರಿದಾಯಿತೇ, ಇನ್ನಷ್ಟು ತಾ ಎಂದು
ನಿಂತಲ್ಲೇ ನಿಲ್ಲು,
ಎಲ್ಲಿ ಬಿಟ್ಟೆಯೆಂಬುದನ್ನು ಮಾತ್ರ ಮರೆಯದೆ.

ಕಷ್ಟವಿದ್ದದ್ದು ಮರೆಯುವುದರಲ್ಲಿ.
ಮಡಚಿದ ಸದ್ದು ಮಾತಾಡುವುದೇ ಹೀಗೆ:
ಮುನ್ನೂರ ಹನ್ನೆರಡು ಹೆಜ್ಜೆ ಹಿಂದಕ್ಕೆ ಹೋಗು,
ಅಲ್ಲಿಂದ ಒಂಬತ್ತು ಎತ್ತಿಕೊಂಡು ಬಾ.
ಹುತ್ತರಿಯ ದಿನ ದುಡಿ ಹಿಡಿದ ನಾಲ್ವರಲ್ಲಿ
ಇಬ್ಬರು ಬಿಟ್ಟದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರಲ್ಲ,
ಅವರಿಗೆ ಹಾಡಿನ ಮೊದಲು ಬೇಕಿಲ್ಲ,
ಈಗಷ್ಟೇ ಹೋದ ಸಾಲು ಸಾಕು.
ನಾಲ್ಕು ಕಿಲೋಬೈಟಿನ ಹಿಂದಣ ಕಾಲ.
ಅದಕ್ಕಿಂತ ಹಳೆಯದು
ಇದ್ದರೂ ಬೇಡ.

ಒಂದು ಕೆಟ್ಟ ಕಡತ, ತೇವ ತಿಂದದ್ದೋ ಏನೋ,
ಶುರುವಿಗೂ ಹಿಂದಿನ ಹೆಜ್ಜೆ ಕೇಳಿತು.
ಹುಟ್ಟುವ ಮೊದಲಿನ ನೆನಪು.
ಹಳೆಯ ಕೋಡು ವಿಧೇಯವಾಗಿ ಹೋಗಿ
ಇನ್ಯಾರದೋ ನೆನಪನ್ನು ತಂದು ಬಡಿಸುತ್ತಿತ್ತು.
ಈಗ ಅಲ್ಲೊಂದು ಸಾಲು ಅಡ್ಡ ನಿಂತು ಇಲ್ಲ ಎನ್ನುತ್ತದೆ.
ಆ ಒಂದು ಸಾಲಿಗೆ ಮೂರು ದಿನ, ಎರಡು ಜ್ವರದ ಮಾತ್ರೆ.

ಡಬ್ಬಿಯನ್ನು ಮತ್ತಿಮರಕ್ಕೆ ಕಟ್ಟಿ ಬಂದೆವು.
ಮೊನ್ನೆ ಎರಡೂ ಹತ್ತಕ್ಕೆ ಸೈರನ್ ಕೂಗಿ
ಲೈನ್‌ಮನೆ ಪೂರ್ತಿ ಪಂಜು ಹಿಡಿದು ಹೊರಬಂದರೆ
ದಾರಿಯಲ್ಲಿ ಬೆಳ್ಯಪ್ಪನವರ ಜೀಪು,
ಸೈಲೆನ್ಸರ್ ಕಳಚಿದ್ದು.
ಮುತ್ತಿ ಫೋನಿನಲ್ಲಿ ನಕ್ಕೇ ನಕ್ಕಳು.
"ಎಚ್ಚರ ಇತ್ತಲ್ಲ, ಸಾಕು."

ಜೀಪನ್ನು ಆನೆಯೆಂದದ್ದು ಬೇರೆಯವರ ತಪ್ಪು,
ಅವರಿಗೆ ಬರೆದಿದ್ದೇನೆ.
ನನ್ನದು ಲಾಗಿನ ಕೊನೆಗೆ ಒಂದು ಸಾಲು:
ತೆಗೆದುಕೊಂಡದ್ದು ಆರು ಕಿಲೋಬೈಟು,
ತಿರುಗಿ ಇಟ್ಟದ್ದು ಆರು.